ತೆಂಗಿನಮರದ ಹಾರ್ನು, ಭಾಗವತರ ತಾಳ

ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳ, ಅಂದರೆ ಪದ್ಯ ಹಾಡುವ ಭಾಗವತರು, ಮದ್ದಳೆ, ಚೆಂಡೆ, ಚಕ್ರತಾಳ ಮತ್ತು ಶ್ರುತಿ ಸೇರಿದ ಸಂಗೀತದ ಗುಂಪು, ವಿದ್ಯುತ್ತಿಲ್ಲದ ಕಾಲದಲ್ಲಿ ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕುಳಿತವರಿಗೂ ಕೇಳಿಸಬೇಕೆಂಬ ಅಗತ್ಯದಿಂದ ರೂಪುಗೊಂಡದ್ದು. ಇಂಥ ಹಿಮ್ಮೇಳದ ಮುಂದೆ ಧ್ವನಿವರ್ಧಕ ಬಂದು ನಿಂತ ಮೇಲೆ ಕಲಾವಿದರಿಗೂ ಮೈಕಿನವರಿಗೂ ಆರಂಭವಾದ ತಕರಾರು ಇಂದಿಗೂ ಮುಗಿದಿಲ್ಲ. ಅದು ಹೆಚ್ಚಾಗಿ ತಲೆದೋರುವುದು ಆಟಕ್ಕೆ ಮೊದಲು, ಪ್ರತಿಯೊಂದು ಮೈಕನ್ನೂ ಪರೀಕ್ಷಿಸಿ ಸ್ವರಗಳ ಪ್ರಮಾಣವನ್ನು ಹೊಂದಿಸಿಕೊಳ್ಳುವ ಹೊತ್ತಿನಲ್ಲಿ, ಅಂದರೆ ಸೌಂಡ್ ಚೆಕ್ಕಿನಲ್ಲಿ. ನೋಡುವವರಿಗೆ ಇದು ಹಠಮಾರಿಗಳಿಬ್ಬರ ವಾಗ್ವಾದದಂತೆ ಕಂಡರೂ, ಒಬ್ಬರ ಕಿವಿ ರಂಗಸ್ಥಳದ ಮೇಲೂ ಇನ್ನೊಬ್ಬರ ಕಿವಿ ಬಯಲಿನ ಅಂಚಿನಲ್ಲೂ ಇರುವುದರಿಂದ ಇಬ್ಬರೂ ಕೇಳುತ್ತಿರುವುದು ಬೇರೆ ಬೇರೆ ಸಂಗೀತವನ್ನು ಎಂಬ ಸರಳ ಸಂಗತಿ ಅದರ ಹಿಂದಿದೆ.

ಕಾಸರಗೋಡು ಜಿಲ್ಲೆಯ ಗಡಿಭಾಗದ ಬೆಳ್ಳೂರಿನಲ್ಲಿ ಒಂದು ಆಟದ ಸಂಜೆ ಕಂಡುಬಂದ ಪ್ರಕರಣ ಇದಕ್ಕೆ ಅತ್ಯುತ್ತಮ ನಿದರ್ಶನ. ರಂಗಸ್ಥಳದ ಎರಡು ಬದಿಗೆ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ನಿಲ್ಲಿಸಿದ್ದ ಮೈಕಿನವರು, ದಾರಿಯಲ್ಲಿ ಬರುವವರಿಗೂ ಪದ್ಯ ಕೇಳಲಿ ಎಂಬ, ಆಟ ಆಡಿಸುವ ಸೇವಾಕರ್ತರ ಅಪೇಕ್ಷೆಯಂತೆ, ಗದ್ದೆಯಾಚೆಯ ತೆಂಗಿನಮರವೊಂದಕ್ಕೆ ಹಳೆಯ ಮಾದರಿಯ ತಗಡಿನ ಹಾರ್ನನ್ನೂ ಕಟ್ಟಿ, ಅದರ ಬಾಯಿಯನ್ನು ರಂಗಸ್ಥಳದ ಕಡೆಗೇ ತಿರುಗಿಸಿದ್ದರು. ಭಾಗವತರು ಪರೀಕ್ಷೆಗೆಂದು ಒಂದು ಪದ್ಯವನ್ನು ಎತ್ತಿಕೊಂಡು ಎರಡು ಸಾಲು ಮುಗಿಸುವಷ್ಟರಲ್ಲಿ ಅವರು ತಾಳಕ್ಕೆ ಹಿಡಿದ ಜಾಗಟೆಯ ಪೆಟ್ಟು ಹಿಂದೆ ಬಿತ್ತು; ನಿಲ್ಲಿಸಿ, ಮತ್ತೆ ಆರಂಭಿಸಿ, ಮತ್ತೆ ಅದೇ ಜಾಗದಲ್ಲಿ ಎಡವಿದರು. ಚೆಂಡೆ ಎಳೆಯುತ್ತಿದೆ ಎಂದು ಅವರು ಹೇಳಿದರೆ, ಪದ್ಯವೇ ಎಳೆಯುತ್ತಿದೆ ಎಂದು ಚೆಂಡೆಯವರು ಹೇಳಿದರು. ಮೈಕಿನವರಂತೂ ತಮ್ಮ ಆಂಪ್ಲಿಫೈಯರಿನಲ್ಲಿ ಯಾವ ದೋಷವೂ ಇಲ್ಲವೆಂದು ತೋರಿಸಲು ಸ್ವರವನ್ನು ಇನ್ನಷ್ಟು ಏರಿಸಿದರು, ಅದರಿಂದ ತಾಳ ಇನ್ನಷ್ಟು ಕೆಟ್ಟಿತು. ಮದ್ದಳೆಯವರು ಕೈ ನಿಲ್ಲಿಸಿ, "ಆ ಮರದ್ದನ್ನು ಒಮ್ಮೆ ಬಂದ್ ಮಾಡಿ ನೋಡಿ ಮಾರಾಯ್ರೆ" ಎಂದಾಗ ಒಬ್ಬ ಹುಡುಗ ಓಡಿಹೋಗಿ ವಯರನ್ನು ಕಿತ್ತ. ತಾಳ ತಾನಾಗಿ ಸರಿಹೋಯಿತು. ಆದರೆ ಸೇವಾಕರ್ತರು ಹಾರ್ನ್ ಬೇಕೇ ಬೇಕೆಂದದ್ದರಿಂದ ಕೊನೆಗೆ ಅದರ ಬಾಯಿಯನ್ನು ತೋಟದ ಕಡೆಗೆ ತಿರುಗಿಸಿ ಕಟ್ಟಲಾಯಿತು.

ಇಲ್ಲಿ ನಡೆದದ್ದೇನು ಎಂಬುದನ್ನು ವಿವರವಾಗಿ ನೋಡಬೇಕು. ಮೈಕಿನಿಂದ ಹಾರ್ನಿನವರೆಗೆ ಸಂಕೇತವು ವಯರಿನಲ್ಲಿ ಹೋಗುವುದಕ್ಕೆ ಲೆಕ್ಕಕ್ಕೆ ಸಿಗುವಷ್ಟು ಹೊತ್ತೂ ಬೇಕಾಗುವುದಿಲ್ಲ. ಹಾರ್ನಿನಿಂದ ಹೊರಟ ಶಬ್ದ ಮಾತ್ರ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಮರಳಿ ಬರಬೇಕು. ಹಾರ್ನ್ 70 ಮೀಟರ್ ದೂರದಲ್ಲಿದ್ದರೆ ಭಾಗವತರ ಸ್ವರ ಅವರ ಕಿವಿಗೇ ಸುಮಾರು 0.2 ಸೆಕೆಂಡ್ ತಡವಾಗಿ ಮುಟ್ಟುತ್ತದೆ. ಈ 0.2 ಸೆಕೆಂಡ್ ಎಂಬುದು ಮನುಷ್ಯನ ನಾಲಿಗೆಗೆ ಅತ್ಯಂತ ಅಪಾಯಕರವಾದ ಅಂತರ. ಅಮೆರಿಕದ ಬರ್ನಾರ್ಡ್ ಲೀ 1950ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾವಾಡಿದ ಮಾತನ್ನೇ ಕ್ಷಣಾಂಶ ತಡವಾಗಿ ಕೇಳಿಸಿಕೊಂಡ ಜನರು, ಯಾವ ತೊದಲೂ ಇಲ್ಲದವರಾಗಿದ್ದರೂ, ತೊದಲತೊಡಗಿದ್ದು ಕಂಡುಬಂದಿತ್ತು. ಮುಂದಿನ ಅಧ್ಯಯನಗಳು ಈ ತೊಡಕು 0.2 ಸೆಕೆಂಡಿನ ಆಸುಪಾಸಿನಲ್ಲಿ ಅತಿ ಹೆಚ್ಚೆಂದು ತೋರಿಸಿದವು. ಮಿದುಳು ತನ್ನ ಸ್ವರವನ್ನು ಕೇಳಿಕೊಳ್ಳುತ್ತಲೇ ಮುಂದಿನ ಅಕ್ಷರವನ್ನು ನಿಯಂತ್ರಿಸುವುದರಿಂದ, ತಡವಾಗಿ ಬಂದ ಸ್ವರವು ಹಿಂದಿನ ಅಕ್ಷರ ಇನ್ನೂ ಮುಗಿದಿಲ್ಲವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಮಾತಿನಲ್ಲೇ ಹೀಗಾದರೆ ತಾಳಕ್ಕೆ ಬದ್ಧವಾದ ಪದ್ಯದಲ್ಲಿ ಏನಾಗಬಹುದು? ನಿಮಿಷಕ್ಕೆ 120 ಪೆಟ್ಟುಗಳ ಗತಿಯಲ್ಲಿ ಒಂದು ಪೆಟ್ಟಿಗೆ ಅರ್ಧ ಸೆಕೆಂಡ್, ಆದ್ದರಿಂದ 0.2 ಸೆಕೆಂಡಿನ ತಡವು ಹೆಚ್ಚುಕಡಿಮೆ ಅರ್ಧ ಪೆಟ್ಟಿನ ಜಾಗದಲ್ಲಿ ಬಂದು ಕೂರುತ್ತದೆ, ಚೆಂಡೆಯ ಪೆಟ್ಟುಗಳ ನಡುವೆ ಇಲ್ಲದ ಪೆಟ್ಟೊಂದು ಇದ್ದಂತೆ ಕೇಳಿಸುತ್ತದೆ. ಭಾಗವತರು ಚೆಂಡೆಯವರನ್ನೂ ಚೆಂಡೆಯವರು ಭಾಗವತರನ್ನೂ ದೂರಿದ್ದು ಇಬ್ಬರ ದೃಷ್ಟಿಯಿಂದಲೂ ಸತ್ಯವೇ ಆಗಿತ್ತು.

ದೊಡ್ಡ ಬಯಲುಗಳಲ್ಲಿ ದೂರದ ಪೆಟ್ಟಿಗೆಗಳಿಗೆ ಹೋಗುವ ಸಂಕೇತವನ್ನು ಯಂತ್ರದಿಂದ ಬೇಕೆಂದೇ ತಡಮಾಡುವ ಪದ್ಧತಿ ಈಗ ಸಾಮಾನ್ಯವಾಗಿದೆ. ಹತ್ತಿರದ ಪೆಟ್ಟಿಗೆಯ ಶಬ್ದವೂ ದೂರದ ಪೆಟ್ಟಿಗೆಯ ಶಬ್ದವೂ ಹಿಂದಿನ ಸಾಲಿನ ಪ್ರೇಕ್ಷಕರಿಗೆ ಒಟ್ಟಿಗೆ ತಲುಪಲಿ ಎಂಬುದು ಅದರ ಉದ್ದೇಶ. ಆದರೆ ಈ ಉಪಾಯ ಪ್ರೇಕ್ಷಕರ ಕಿವಿಗೆ ಮಾಡಿದ್ದೇ ಹೊರತು ಹಾಡುವವರ ಕಿವಿಗಲ್ಲ, ಏಕೆಂದರೆ ರಂಗಸ್ಥಳಕ್ಕೆ ಮರಳುವ ಶಬ್ದ ಅದರಿಂದ ಇನ್ನೂ ಹೆಚ್ಚು ತಡವಾಗುತ್ತದೆ. ಬೆಳ್ಳೂರಿನಂಥ, ಗುಡ್ಡಗಳ ನಡುವೆ ಗದ್ದೆ ತೋಟಗಳಿರುವ ನೆಲದಲ್ಲಿ ಹಾರ್ನೇ ಇಲ್ಲದಿದ್ದರೂ ಎದುರಿನ ಗುಡ್ಡದ ಪ್ರತಿಧ್ವನಿ ಇದೇ ಕೆಲಸವನ್ನು ಮಾಡಬಲ್ಲದು. ಹೋಗಿ ಬರುವ ದಾರಿ ಸೇರಿ 70 ಮೀಟರ್ ಆಗುವುದರಿಂದ 35 ಮೀಟರ್ ದೂರದ ಗೋಡೆಯೊಂದು ಸಾಕು. ಹಾರ್ನಿನ ಬಾಯಿ ತಿರುಗಿಸಿದ ಆ ಸಂಜೆಯ ಪರಿಹಾರಕ್ಕಿಂತ ಉತ್ತಮವಾದದ್ದನ್ನು ಬೆಲೆಬಾಳುವ ಯಂತ್ರಗಳೂ ಒದಗಿಸಲಾರವು.

ತನ್ನ ಸ್ವರ ತನಗೆ ಸರಿಯಾಗಿ ಕೇಳದ ಸಂಕಟ ಜಗತ್ತಿನ ಅತಿ ಪ್ರಸಿದ್ಧ ಗಾಯಕರನ್ನೂ ಬಿಟ್ಟಿಲ್ಲ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55 ಸಾವಿರಕ್ಕೂ ಹೆಚ್ಚು ಜನರ ಮುಂದೆ ಹಾಡಿದ ಬೀಟಲ್ಸ್ ತಂಡಕ್ಕೆ ಮಾನಿಟರ್, ಅಂದರೆ ಕಲಾವಿದರಿಗೆಂದೇ ಅವರ ಕಡೆಗೆ ಮುಖಮಾಡಿ ಇಡುವ ಪೆಟ್ಟಿಗೆ, ಇರಲಿಲ್ಲ. ಜನರ ಕಿರುಚಾಟದಲ್ಲಿ ಹಾಡು ಕೇಳಿಸದೆ ಡ್ರಮ್ ನುಡಿಸುತ್ತಿದ್ದ ರಿಂಗೋ ಸ್ಟಾರ್ ಜೊತೆಗಾರರ ಮೈಯ ಚಲನೆಯನ್ನು ನೋಡಿ ಹಾಡಿನ ಜಾಗವನ್ನು ಊಹಿಸಬೇಕಾಗಿತ್ತು. ತೆಂಕುತಿಟ್ಟಿನ ಚೆಂಡೆಯವರು ಭಾಗವತರ ಜಾಗಟೆಯ ಕೈಯ ಮೇಲೆ ಕಣ್ಣಿಟ್ಟು ನಿಲ್ಲುವುದೂ ಇದೇ ವಿದ್ಯೆ.

ಮೈಕಿಗಿಂತ ಮೊದಲಿನ ಸ್ಥಿತಿಯನ್ನು ಚುಟುಕಾಗಿ ನೆನೆದರೆ ಸಾಕು. ಸಂಜೆ ಚೆಂಡೆ ಮದ್ದಳೆಗಳನ್ನು ಬಾರಿಸಿ ಇಂದು ಆಟವಿದೆಯೆಂದು ಸುತ್ತಲಿನ ಊರುಗಳಿಗೆ ಸಾರುವ "ಕೇಳಿ" ಎಂಬ ಕ್ರಮವೇ ಅಂದಿನ ಪ್ರಚಾರವೂ ಧ್ವನಿ ಪರೀಕ್ಷೆಯೂ ಆಗಿತ್ತು. ಭಾಗವತರು ಏರುಶ್ರುತಿಯಲ್ಲಿ ಹಾಡುವುದು ಅನಿವಾರ್ಯವಾಗಿತ್ತು, ಮತ್ತು ಆ ಅನಿವಾರ್ಯತೆಯಿಂದಲೇ ಒಂದು ಸೌಂದರ್ಯ ಹುಟ್ಟಿತ್ತು. ಬೆಳ್ಳೂರಿಗೆ ಹೆಚ್ಚು ದೂರವಲ್ಲದ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು (1938–2023) ಮೈಕಿನ ಕಾಲದಲ್ಲೂ ಆ ಏರುಶ್ರುತಿಯನ್ನು ಬಿಡಲಿಲ್ಲ ಎಂಬುದು ತೆಂಕುತಿಟ್ಟಿನ ಭಾಗ್ಯ. ಕರ್ನಾಟಕ ಸಂಗೀತದಲ್ಲಿ ಪಾಲ್ಘಾಟ್ ಮಣಿ ಅಯ್ಯರ್ ಅವರು ಮೈಕು ಮೃದಂಗದ ನಾದವನ್ನು ಕೆಡಿಸುತ್ತದೆಂದು ಅದನ್ನು ದೃಢವಾಗಿ ವಿರೋಧಿಸಿದ್ದರು. ಮದ್ದಳೆಯ ನಾದದ ಬಗೆಗೂ ಅದೇ ಆಕ್ಷೇಪವನ್ನು ಎತ್ತಲು ಎಲ್ಲ ಕಾರಣಗಳೂ ಇದ್ದರೂ ಯಕ್ಷಗಾನದಲ್ಲಿ ಅಷ್ಟು ಗಟ್ಟಿಯಾದ ವಿರೋಧ ಏಳಲಿಲ್ಲ.

ಬದಲಿಗೆ ಎದ್ದದ್ದು ಚೆಂಡೆಗೂ ಒಂದು ಮೈಕ್ ಬೇಕೆಂಬ ಬೇಡಿಕೆ. ಹಲಸಿನ ಮರದ ಟೊಳ್ಳು ಕೊಳವೆಗೆ ಬಿಗಿದ ಚರ್ಮದ ಮೇಲೆ ಎರಡು ಕೋಲುಗಳಿಂದ ಬಾರಿಸುವ ಈ ವಾದ್ಯ ಯಾವ ಯಂತ್ರದ ನೆರವೂ ಇಲ್ಲದೆ ಗುಡ್ಡ ದಾಟುತ್ತದೆ. ಭಾಗವತರ ಪಕ್ಕದಲ್ಲೇ ನಿಂತು ಬಾರಿಸುವುದರಿಂದ ಅದರ ಸದ್ದು ಭಾಗವತರ ಮೈಕಿಗೂ ಹೇಗಿದ್ದರೂ ನುಗ್ಗುತ್ತದೆ. ಅದಕ್ಕೆ ಪ್ರತ್ಯೇಕ ಮೈಕ್ ಇಟ್ಟಾಗ ಅದೇ ಪೆಟ್ಟು ಎರಡು ದಾರಿಯಲ್ಲಿ ಯಂತ್ರವನ್ನು ಸೇರುತ್ತದೆ. ಪದ್ಯದ ಸಾಹಿತ್ಯ ಮುಳುಗುತ್ತದೆ. ಭಾಗವತರು ತಮ್ಮ ಮಾನಿಟರನ್ನು ಏರಿಸಲು ಕೈಸನ್ನೆ ಮಾಡುತ್ತಾರೆ. ಮಾನಿಟರಿನ ಸದ್ದು ಮರಳಿ ಮೈಕಿಗೆ ಹೊಕ್ಕು ಸುತ್ತುತ್ತ ಸುತ್ತುತ್ತ ಬೆಳೆದು ಊಳಿಡತೊಡಗುತ್ತದೆ. ಫೀಡ್‌ಬ್ಯಾಕ್ ಎಂಬ ಈ ಊಳು ಕೇಳಿದಾಗ ಎಷ್ಟೋ ಕಲಾವಿದರು ಅಂಗೈಯಿಂದ ಮೈಕಿನ ತಲೆಯನ್ನು ಮುಚ್ಚಿಬಿಡುತ್ತಾರೆ, ಆಗ ಊಳು ಇಮ್ಮಡಿಯಾಗುತ್ತದೆ. ಹಿಂದಿನ ಸದ್ದನ್ನು ತಡೆದು ಮುಂದಿನ ಸ್ವರವನ್ನು ಮಾತ್ರ ಹಿಡಿಯಲು ಮೈಕಿನ ತಲೆಯ ಹಿಂಬದಿಯಲ್ಲಿರುವ ಕಿಂಡಿಗಳು ಕೈಯಿಂದ ಮುಚ್ಚಿಹೋಗಿ, ಅದು ಎಲ್ಲ ಕಡೆಯ ಸದ್ದನ್ನೂ ಹೀರತೊಡಗುವುದೇ ಇದಕ್ಕೆ ಕಾರಣ. ಮೈಕಿನವರು ದೂರದಿಂದ "ಕೈ ತೆಗೆಯಿರಿ, ಕೈ ತೆಗೆಯಿರಿ" ಎಂದು ಕೂಗುವುದು ಆ ಊಳಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಚೆಂಡೆಗೆ ಮೈಕ್ ಬೇಡವೆಂದು ಹೇಳುವ ಮೈಕಿನವರ ಪಕ್ಷವೇ ಈ ವಿಷಯದಲ್ಲಿ ನ್ಯಾಯವಾದುದು.

ಮೈಕಿನವರ ಪಕ್ಷ ಸೋಲುವುದು ಇನ್ನೊಂದು ಕಡೆ. ಸಂಜೆಯ ಪರೀಕ್ಷೆಗೆ ಸಿಗುವುದು ಸಾಮಾನ್ಯವಾಗಿ ಪೂರ್ವರಂಗವನ್ನು, ಅಂದರೆ ಪ್ರಸಂಗಕ್ಕೆ ಮೊದಲಿನ ಕುಣಿತಗಳ ಭಾಗವನ್ನು, ಹಾಡುವ ಕಿರಿಯ ಭಾಗವತರು. ಮೇಳದ ಭಾಷೆಯಲ್ಲಿ ಇವರಿಗೆ ಸಂಗೀತಗಾರರೆಂದು ಹೆಸರು. ಅವರ ಸ್ವರಕ್ಕೆ ಹೊಂದಿಸಿದ ಗುಂಡಿಗಳು, ನಡುರಾತ್ರಿ ಮುಖ್ಯ ಭಾಗವತರು ಬೇರೆ ಶ್ರುತಿಯಲ್ಲಿ, ಬೇರೆ ಕಂಠದಲ್ಲಿ ಜಾಗಟೆ ಹಿಡಿದಾಗ ಪೂರ್ತಿ ತಪ್ಪಾಗಿಬಿಡುತ್ತವೆ. ಅಷ್ಟು ಹೊತ್ತಿಗೆ ಇಬ್ಬನಿ ಸುರಿದು ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿದಿರುತ್ತದೆ. ಅದನ್ನು ವಾದಕರು ಬಡಿದು ಬಿಗಿದು ಏರಿಸಿಕೊಳ್ಳಬಲ್ಲರು, ಆದರೆ ತೂಕಡಿಸುತ್ತಿರುವ ಮೈಕಿನ ಹುಡುಗನನ್ನು ಎಬ್ಬಿಸುವುದು ಅಷ್ಟು ಸುಲಭವಲ್ಲ. ಇದರ ಜೊತೆಗೆ ಸರಿಯಾಗಿ ಭೂಸಂಪರ್ಕವಿಲ್ಲದ ವಯರಿಂಗಿನಿಂದ 50 ಅಥವಾ 100 ಹರ್ಟ್ಸಿನ ಗುಂಯ್ ಎಂಬ ಸದ್ದು ಪೆಟ್ಟಿಗೆಯೊಳಗಿಂದ ಹೊರಡುತ್ತಿದ್ದರೆ, ಅದು ಯಾರೂ ಹಿಡಿಯದ ಎರಡನೆಯ ಶ್ರುತಿಯಾಗಿ ರಾತ್ರಿಯಿಡೀ ಭಾಗವತರನ್ನು ಕಾಡುತ್ತದೆ.

ಬಣ್ಣದ ವೇಷದ ಪ್ರವೇಶವಂತೂ ಮೈಕಿನವರ ಪ್ರಸಂಗಜ್ಞಾನದ ನಿಜವಾದ ಪರೀಕ್ಷೆ. ರಾಕ್ಷಸ ಪಾತ್ರಗಳಿಗೆ ಮೀಸಲಾದ ಈ ವೇಷ ಸಭೆಯ ಹಿಂದಿನಿಂದ ದೊಂದಿಯ ಬೆಳಕಿನಲ್ಲಿ ಆರ್ಭಟಿಸುತ್ತ ಬಂದು ರಂಗಸ್ಥಳವನ್ನೇರಿ ಮೈಕಿನೆದುರು ಇನ್ನೊಮ್ಮೆ ಅಬ್ಬರಿಸಿದಾಗ, ಕಥೆಯನ್ನು ಬಲ್ಲ ಮೈಕಿನವರು ಒಂದು ಕ್ಷಣ ಮೊದಲೇ ಸ್ವರವನ್ನು ಇಳಿಸಿರುತ್ತಾರೆ. ಅರಿಯದವರು ಪೆಟ್ಟಿಗೆಯ ಕಾಗದದ ಕೋನನ್ನು ಹರಿದುಕೊಳ್ಳುತ್ತಾರೆ. ಈ ಕಾರಣದಿಂದ ಯಕ್ಷಗಾನದ ಮೈಕಿಗೆ ಯಕ್ಷಗಾನ ನೋಡಿ ಬೆಳೆದವರೇ ಬೇಕು, ಮತ್ತು ಅವರ ಸಂಭಾವನೆ ಹಿಮ್ಮೇಳದವರ ಸಂಭಾವನೆಗೆ ಸಮನಾಗಿರಬೇಕು.

2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿರುವುದರಿಂದ ಇಡೀ ರಾತ್ರಿಯ ಆಟಗಳು ಅನೇಕ ಕಡೆ ಕೆಲವೇ ಗಂಟೆಗಳ ಕಾಲಮಿತಿ ಪ್ರಯೋಗಗಳಾಗಿವೆ. ಇವುಗಳಲ್ಲಿ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲರ ಕುಣಿತದ ಹೊತ್ತಿನಲ್ಲಿ ಯಾರಿಗೂ ತೊಂದರೆಯಾಗದಂತೆ ಒಂದೊಂದೇ ಗುಂಡಿಯನ್ನು ತಿರುಗಿಸಿ ನೋಡುತ್ತಿದ್ದ ಮೈಕಿನವರಿಗೆ ಇಂಥ ಪ್ರಯೋಗಗಳಲ್ಲಿ ಆ ಅವಕಾಶವಿಲ್ಲ. ಮುಖ್ಯ ಭಾಗವತರು ಪ್ರಸಂಗದ ಮೊದಲ ಪದ್ಯವನ್ನು ಎತ್ತಿಕೊಂಡಾಗಲೇ, ತುಂಬಿದ ಸಭೆಯ ಎದುರು, ಒಬ್ಬರು ಎಡಗೈಯನ್ನು ಮೇಲಕ್ಕೆತ್ತಿ "ಇನ್ನೂ ಸ್ವಲ್ಪ" ಎನ್ನುತ್ತಾರೆ, ಇನ್ನೊಬ್ಬರು ಗದ್ದೆಯ ಆಚೆಯಿಂದ ಸಾಕೆಂದು ತಲೆಯಾಡಿಸುತ್ತಾರೆ.