ಒಳಹರಿವೂ ಸಂಗ್ರಹವೂ

2023ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕಿನ ಅಂಕಿಅಂಶಗಳು ಹೊರಬಿದ್ದಾಗ, ‘ಜನರ ಉಳಿತಾಯ ಕರಗಿಹೋಯಿತಲ್ಲ’ ಎಂದು ಮಿತ್ರರೊಬ್ಬರು ನನ್ನಲ್ಲಿ ಕಳವಳ ತೋಡಿಕೊಂಡರು. ಗೊಂದಲದ ಮೂಲ ಪದದಲ್ಲಿತ್ತು. ಅರ್ಥಶಾಸ್ತ್ರದಲ್ಲಿ ‘ಸೇವಿಂಗ್’ ಎಂದರೆ ಒಂದು ಅವಧಿಯ ಆದಾಯದಲ್ಲಿ ಖರ್ಚಾಗದೆ ಉಳಿದದ್ದು. ‘ಸೇವಿಂಗ್ಸ್’ ಎಂದರೆ ಹಾಗೆ ಉಳಿದು ಕೂಡಿಬಂದ ಗಂಟು. ನಾವು ಎರಡನ್ನೂ ಉಳಿತಾಯವೆನ್ನುತ್ತೇವೆ. ಕೃಷ್ಣರಾಜಸಾಗರದ ಒಳಹರಿವನ್ನು ಕ್ಯೂಸೆಕ್‌ನಲ್ಲಿ, ಸಂಗ್ರಹವನ್ನು ಟಿಎಂಸಿಯಲ್ಲಿ ಓದುವಾಗ ಮಾತ್ರ ಯಾರೂ ಎಡವುವುದಿಲ್ಲ.

ಅಂದು ಇಳಿದದ್ದು ಒಳಹರಿವು. ಆಗಿನ ಅಂದಾಜಿನಂತೆ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯವು 2021–22ರಲ್ಲಿ ಜಿಡಿಪಿಯ ಶೇ 7.2ರಷ್ಟಿದ್ದು, 2022–23ರಲ್ಲಿ ಶೇ 5.1ಕ್ಕೆ ಕುಸಿದಿತ್ತು. ಹೊಸ ಸಾಲಗಳ ಏರಿಕೆಯೇ ಮುಖ್ಯ ಕಾರಣ. ಗಂಟು ಕರಗಿರಲಿಲ್ಲ, ಅದಕ್ಕೆ ಸೇರುವುದು ಕಡಿಮೆಯಾಗಿತ್ತು.

ಈ ವ್ಯತ್ಯಾಸ ಬರಿಯ ವ್ಯಾಕರಣದ್ದಲ್ಲ. ನಿವೃತ್ತನಾದ ನನ್ನಲ್ಲಿ ಗಂಟಿದೆ, ಒಳಹರಿವು ಬತ್ತಿದೆ. ಠೇವಣಿಯ ಬಡ್ಡಿದರವೇ ನನ್ನ ಚಿಂತೆ. ಕಂತುಗಳಲ್ಲಿ ಸಂಬಳ ಕಳೆಯುವ ಮಗನಿಗೆ ಬೇಕಾದದ್ದು ಬೇರೆ: ಸಾಲದ ಹೊರೆಯಿಂದ ಬಿಡುವು. ಇಬ್ಬರ ಕಷ್ಟಕ್ಕೂ ಒಂದೇ ಹೆಸರಿಟ್ಟರೆ, ಒಬ್ಬನ ಮದ್ದನ್ನು ಇನ್ನೊಬ್ಬನಿಗೆ ಕುಡಿಸಿದಂತಾದೀತು.