ಮನೆಯ ಹಿತ್ತಲಿನಲ್ಲಿ ಸುಗಂಧರಾಜದ ಬೇಸಾಯ

ಸುಗಂಧರಾಜದ ಹೂವನ್ನು ಅರಿಯದ ಮನೆ ನಮ್ಮ ಸೀಮೆಯಲ್ಲಿ ವಿರಳ. ಮೆಕ್ಸಿಕೋ ದೇಶದಿಂದ ಬಂದ ಗಿಡವಾದರೂ, ದೇವರ ಪೂಜೆಗೂ ಮದುವೆಯ ಹಾರಕ್ಕೂ ಸಲ್ಲುತ್ತಿರುವ ಇದನ್ನು ಪರದೇಶದ್ದೆಂದು ಈಗ ಯಾರೂ ಎಣಿಸುವುದಿಲ್ಲ. ಹೀಗಿದ್ದರೂ, ಮೊದಲನೆಯ ವರ್ಷ ಚೆನ್ನಾಗಿ ಹೂಬಿಟ್ಟ ಮಡಿಯು ಕೆಲವು ವರ್ಷಗಳಲ್ಲಿ ಹುಲ್ಲಿನ ಪೊದೆಯಂತಾಗಿ ಬರಿಯ ಎಲೆಗಳನ್ನೇ ಬಿಡುತ್ತದೆಂಬ ದೂರು ಅನೇಕ ಗೃಹಸ್ಥರಿಂದ ಕೇಳಿಬರುವುದು. ಇಂತಹವರು ಭೂಮಿಯ ಸಾರ ಕುಂದಿತೆಂದು ಬಗೆದು ಗೊಬ್ಬರವನ್ನು ಸುರಿಯುವರು. ದೋಷವು ಹೆಚ್ಚಾಗಿ ಭೂಮಿಯದಲ್ಲ. ಗೆಡ್ಡೆಯ ಸ್ವಭಾವವನ್ನು ತಿಳಿಯದೆ ಇರುವುದರದು.

ಸುಗಂಧರಾಜದ ಒಂದು ಗೆಡ್ಡೆಯು ಹೂವಿನ ದಂಟನ್ನು ಒಂದೇ ಸಲ ಕೊಡತಕ್ಕದ್ದು. ಬಳಿಕ ಆ ತಾಯಿಗೆಡ್ಡೆಯು ಕ್ಷೀಣಿಸಿ, ಅದರ ಸುತ್ತಲೂ ಮರಿಗಳು ಹುಟ್ಟುವುವು. ಮುಂದಿನ ಹೂವು ಈ ಮರಿಗಳಿಂದಲೇ ಬರಬೇಕು. ಗುಂಪನ್ನು ಕೀಳದೆ ಬಿಟ್ಟಲ್ಲಿ ಅವು ಒಂದನ್ನೊಂದು ಒತ್ತಿಕೊಂಡು, ಆಹಾರವು ಸಾಲದೆ, ಹೂಬಿಡುವಷ್ಟು ದಪ್ಪವಾಗುವುದಿಲ್ಲ. ಆದಕಾರಣ ಎರಡು ಅಥವಾ ಮೂರು ವರ್ಷಕ್ಕೊಮ್ಮೆ ಗೆಡ್ಡೆಗಳನ್ನು ಕಿತ್ತು, ಬಿಡಿಸಿ, ಬೇರೆ ಮಡಿಯಲ್ಲಿ ನೆಡುವುದು ಅವಶ್ಯಕ.

ಹೂವಿನ ಕಾಲ ಮುಗಿದು ಎಲೆಗಳು ಹಳದಿಯಾಗತೊಡಗಿದಾಗ ನೀರನ್ನು ನಿಲ್ಲಿಸಿ, ಮಣ್ಣು ಒಣಗಿದ ಮೇಲೆ ಗೆಡ್ಡೆಗಳನ್ನು ಗಾಯವಾಗದಂತೆ ಅಗೆಯಬೇಕು. ಮಣ್ಣನ್ನು ಉದುರಿಸಿ, ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ, ಕೆಲವು ದಿನಗಳಿಗೊಮ್ಮೆ ತಿರುವಿಹಾಕುತ್ತಿರಬೇಕು. ರಾಶಿ ಹಾಕಿದರೆ ಬೂಷ್ಟು ಹಿಡಿದು ಕೊಳೆಯುವುವು. ನಾಲ್ಕರಿಂದ ಆರು ವಾರಗಳ ವಿಶ್ರಾಂತಿಯ ನಂತರ 2ರಿಂದ 3 ಸೆಂಟಿಮೀಟರ್ ದಪ್ಪದ ಗಟ್ಟಿ ಗೆಡ್ಡೆಗಳನ್ನು ಆರಿಸಿ ನೆಡಬಹುದು. ಸಣ್ಣವನ್ನು ಎಸೆಯಬಾರದು. ಅವನ್ನು ಬೇರೊಂದು ಪಾತಿಯಲ್ಲಿ ಬೆಳೆಸಿದರೆ ಮುಂದೆ ಹೂಬಿಡುವ ಗಾತ್ರಕ್ಕೆ ಬರುವುವು.

ನೆಡಲು ಏಪ್ರಿಲ್, ಮೇ ತಿಂಗಳುಗಳು ಪ್ರಶಸ್ತವಾದುವು. ಸಾಲಿನಿಂದ ಸಾಲಿಗೆ 30, ಗೆಡ್ಡೆಯಿಂದ ಗೆಡ್ಡೆಗೆ 20 ಸೆಂಟಿಮೀಟರ್ ಅಂತರವಿರಲಿ. ಆಳವು 5 ಸೆಂಟಿಮೀಟರ್ ಇದ್ದರೆ ಸಾಕು. ತೆಂಗಿನ ನೆರಳಿನಲ್ಲಿ ನೆಟ್ಟು ಹೂವನ್ನು ನಿರೀಕ್ಷಿಸುವುದು ವ್ಯರ್ಥ. ಈ ಗಿಡಕ್ಕೆ ಪೂರ್ಣ ಬಿಸಿಲು ಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೊದಲೇ ಮಣ್ಣಿಗೆ ಬೆರೆಸತಕ್ಕದ್ದು. ನೀರು ನಿಲ್ಲುವ ಭೂಮಿಯಾದರೆ ಮಡಿಯನ್ನು ಎತ್ತರಿಸದೆ ಗೆಡ್ಡೆಯನ್ನು ಊರಲೇಬಾರದು. ಮೊಳಕೆ ಬರುವವರೆಗೆ ನೀರನ್ನು ಮಿತವಾಗಿ ಕೊಡಬೇಕು. ಸುಮಾರು ಮೂರು ನಾಲ್ಕು ತಿಂಗಳಲ್ಲಿ ದಂಟು ಕಾಣುವುದು.

ಇನ್ನು ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ಹೂ ಚೆನ್ನಾಗಿರುವ ಮನೆಯಿಂದ ಗೆಡ್ಡೆ ಬೇಡಿ ತರುವುದು ನಮ್ಮಲ್ಲಿ ವಾಡಿಕೆ. ಕೊಡುವವರದು ಉದಾರಬುದ್ಧಿಯೇ ಸರಿ. ಆದರೆ ಬೇರುಗಳಲ್ಲಿ ಗಂಟುಗಳಿದ್ದರೆ ಗೆಡ್ಡೆಯೊಡನೆ ಜಂತುಹುಳುವೂ ದಾನವಾಗುವುದು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಈ ಹುಳುವು ಬದನೆ, ಟೊಮೇಟೊ ಮುಂತಾದ ತರಕಾರಿಗಳ ಬೇರನ್ನೂ ಹಿಡಿಯುವುದರಿಂದ, ಹಾನಿಯು ಹೂವಿನ ಮಡಿಯಲ್ಲಿಯೇ ನಿಲ್ಲುವುದಿಲ್ಲ. ಗೆಡ್ಡೆ ಕೊಳ್ಳುವ ಮುನ್ನ, ಸಾಧ್ಯವಾದರೆ ಆ ಮಡಿಯ ಒಂದು ಗಿಡವನ್ನು ಕಿತ್ತು ಬೇರನ್ನು ನೋಡತಕ್ಕದ್ದು, ಸಂಕೋಚಪಡಬೇಕಾಗಿಲ್ಲ. ಗಂಟುಬೇರು ಕಂಡಿದ್ದ ಭೂಮಿಯಲ್ಲಿ ಚೆಂಡುಹೂವನ್ನು ಬೆಳೆದು, ಬೇವಿನ ಹಿಂಡಿಯನ್ನು ಸೇರಿಸುವುದರಿಂದ ಉಪದ್ರವವು ತಗ್ಗುವುದು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ‘ಶೃಂಗಾರ್’ ಎಂಬ ಒಂಟಿಸುತ್ತಿನ ತಳಿಯು ಈ ಹುಳುವನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುವುದು. ‘ಪ್ರಜ್ವಲ್’ ಕೂಡ ಒಂಟಿಸುತ್ತಿನದು. ಅದರ ಮೊಗ್ಗಿನಲ್ಲಿ ನಸುಗೆಂಪು ಛಾಯೆಯಿರುವುದು. ‘ಸುವಾಸಿನಿ’ಯು ಜೋಡಿಸುತ್ತಿನದು, ‘ವೈಭವ್’ ಅರೆಜೋಡಿಸುತ್ತಿನದು. ಬಿಡಿಹೂವಿಗೂ ಪರಿಮಳಕ್ಕೂ ಒಂಟಿಸುತ್ತಿನವೇ ಮೇಲು. ಹಾರದ ಹೂವನ್ನು ಬಿಸಿಲೇರುವ ಮುನ್ನ ಮುಂಜಾನೆಯೇ ಬಿಡಿಸಬೇಕು. ದಂಟಿನೊಡನೆ ಮಾರುವವರು ಕೆಳಗಿನ ಒಂದು ಜೊತೆ ಹೂ ಅರಳುತ್ತಲೇ ಕೊಯ್ದು ನೀರಿನಲ್ಲಿ ನಿಲ್ಲಿಸಬೇಕು.