ಒಳಕಿವಿಯ ಬೇನೆ, ಪಂಕ್ತಿಯ ಸಂಕೋಚ

ಶರಣರ ಮನೆಗಳಲ್ಲಿ ಊಟವೆಂಬುದು ಬರಿಯ ಊಟವಲ್ಲ, ಅದು ಪ್ರಸಾದ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾಗಿರುವುದರಿಂದ, ಎಲೆಗೆ ಬಂದುದನ್ನು ಬೇಡವೆನ್ನಬಾರದು, ಒಂದಗುಳನ್ನೂ ಬಿಡಬಾರದು ಎಂಬ ಸಂಸ್ಕಾರ ನಮಗೆ ಎಳವೆಯಲ್ಲಿಯೇ ಆಗಿರುತ್ತದೆ. ಈ ಸಂಸ್ಕಾರ ದೊಡ್ಡದು. ಆದರೆ ಅದೇ ಪಂಕ್ತಿಯಲ್ಲಿ ಕುಳಿತು, ಬಡಿಸುವವರ ಕೈ ಎಲೆಯ ಬಳಿ ಬಂದೊಡನೆ ಅಳುಕುವವರೂ ನಮ್ಮ ನಡುವೆ ಇದ್ದಾರೆ. ಅವರಿಗಾಗಿ, ಅದಕ್ಕಿಂತ ಮಿಗಿಲಾಗಿ ಅವರ ಮನೆಯವರಿಗಾಗಿ, ಈ ನಾಲ್ಕು ಮಾತು.

ಕಣ್ಣಿಗೆ ಕಾಣದ ಬೇನೆ

ನಡುವಯಸ್ಸಿನ ಗೃಹಿಣಿಯೊಬ್ಬರು ಮುಂಜಾನೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ದೃಷ್ಟಿಯಿಟ್ಟು ಕುಳಿತಿದ್ದಾರೆನ್ನೋಣ. ಹಠಾತ್ತನೆ ಒಂದು ಕಿವಿ ಹತ್ತಿ ತುರುಕಿದಂತೆ ಬಿಗಿಯುತ್ತದೆ. ಒಳಗೆ ಗುಂಯ್‌ಗುಡುವ ಸದ್ದು ಏರುತ್ತದೆ. ಮರುಕ್ಷಣವೇ ಗೋಡೆ, ನೆಲ, ಅಂಗೈಯ ಲಿಂಗ ಎಲ್ಲವೂ ಬುಗುರಿಯಂತೆ ಸುತ್ತತೊಡಗುತ್ತವೆ, ವಾಂತಿಯೂ ಆಗುತ್ತದೆ. ಮನೆಯವರು ಪಿತ್ತವೆಂದು ಉಪ್ಪು ಬೆರೆಸಿದ ನಿಂಬೆ ಶರಬತ್ತು ಕೊಡುತ್ತಾರೆ. ನೆರೆಯವರು ದೃಷ್ಟಿ ತೆಗೆಯುತ್ತಾರೆ. ಆ ತಾಯಿಯಾದರೋ ಪೂಜೆಯಲ್ಲಿ ತನ್ನಿಂದೇನು ಲೋಪವಾಯಿತೋ ಎಂದು ಒಳಗೊಳಗೇ ನೋಯುತ್ತಾರೆ.

ಪೂಜೆಯಲ್ಲಿ ಯಾವ ಲೋಪವೂ ಆಗಿಲ್ಲ. ನಮ್ಮ ಒಳಕಿವಿಯಲ್ಲಿ ಕೇಳಿಸಿಕೊಳ್ಳುವ ಶಂಖಾಕಾರದ ಅಂಗದ ಪಕ್ಕದಲ್ಲಿಯೇ, ದೇಹದ ಸಮತೋಲವನ್ನು ಅಳೆಯುವ ಮೂರು ಅರ್ಧವರ್ತುಲ ನಾಳಗಳಿವೆ. ಇವೆಲ್ಲದರೊಳಗೂ ಒಂದು ದ್ರವವಿದೆ. ಆ ದ್ರವ ಮಿತಿಮೀರಿ ಒಳಗಿನ ಪೊರೆಗಳು ಉಬ್ಬಿರುವುದು ಈ ಬೇನೆಯವರಲ್ಲಿ ಕಂಡುಬರುತ್ತದೆ. ಕಿವಿಯಿಂದ ಮಿದುಳಿಗೆ ತಪ್ಪು ಸುದ್ದಿ ಹೋಗಿ, ಕಣ್ಣಾಲಿಗಳು ತಾವಾಗಿಯೇ ಓಲಾಡುತ್ತವೆ. ಆಗ ದೃಷ್ಟಿ ನಿಲ್ಲಿಸುವುದು ಎಂತಹ ಸಾಧಕರಿಗೂ ಆಗದ ಮಾತು.

ಇಂತಹ ತಲೆಸುತ್ತಿನ ಮೂಲ ಮಿದುಳಿನಲ್ಲಲ್ಲ, ಒಳಕಿವಿಯಲ್ಲಿರಬಹುದೆಂದು 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪ್ರಾಸ್ಪರ್ ಮೆನಿಯೇರ್ ತೋರಿಸಿಕೊಟ್ಟರು. ಅವರ ಹೆಸರಿನಿಂದಲೇ ಇದಕ್ಕೆ ಮೆನಿಯೇರ್ ಕಾಯಿಲೆ ಎಂದು ಹೆಸರಾಯಿತು. 40ರಿಂದ 60ರ ವಯಸ್ಸಿನಲ್ಲಿ ಇದು ಹೆಚ್ಚು. ಒಂದೊಂದು ಸಲದ ಸುತ್ತು 20 ನಿಮಿಷದಿಂದ 12 ಗಂಟೆಯವರೆಗೂ ಇರಬಹುದು. ಪೂರ್ತಿ ಗುಣಪಡಿಸುವ ಮದ್ದು ಇಲ್ಲವಾದರೂ, ಬಾಧೆಯನ್ನು ತಗ್ಗಿಸುವ ಚಿಕಿತ್ಸೆಗಳಿವೆ. ಆದರೆ ತಲೆಸುತ್ತಿನೊಡನೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ಅದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಉಪ್ಪು ಒಂದೆಡೆ, ಹಾಲು ಗೋಧಿ ಇನ್ನೊಂದೆಡೆ

ಈ ಕಾಯಿಲೆಗೆ ವೈದ್ಯರು ಮೊದಲಿಗೆ ಸೂಚಿಸುವುದು ಉಪ್ಪಿನ ಮಿತಿಯನ್ನು. ಇದರಿಂದ ಎಲ್ಲರಿಗೂ ಗುಣವೆಂದು ಸಂಶೋಧನೆಗಳು ದೃಢಪಡಿಸಿಲ್ಲವಾದರೂ, ಅನೇಕರು ಪ್ರಯೋಜನ ಕಂಡಿದ್ದಾರೆ. ದಿನಕ್ಕೆ 5 ಗ್ರಾಂ, ಎಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೂ ಹೇಳುತ್ತದೆ. ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳೇ ಇಷ್ಟನ್ನು ಮೀರಿಸಬಲ್ಲವು.

ಇದರ ಜೊತೆಗೆ ಕೆಲವು ಆಹಾರಗಳು ಒಗ್ಗದಿದ್ದರೆ ಬಾಳು ಇನ್ನೂ ಇಕ್ಕಟ್ಟಾಗುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಕರಗಿಸುವ ಕಿಣ್ವ ದೊಡ್ಡವರಾದ ಮೇಲೆ ಅನೇಕರಲ್ಲಿ ಕುಗ್ಗುತ್ತದೆ. ಅಂಥವರಿಗೆ ಹಾಲು ಕುಡಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆಯುಬ್ಬರ, ನುಲಿತ, ಭೇದಿ ತೋರುತ್ತವೆ. ಇದಕ್ಕೂ ಕಿವಿಯ ಬೇನೆಗೂ ಕಾರ್ಯಕಾರಣ ಸಂಬಂಧವಿಲ್ಲ. ಆದರೆ ಎರಡೂ ಒಬ್ಬರಲ್ಲಿಯೇ ಇದ್ದಾಗ, ಹೊಟ್ಟೆ ತೊಳಸಿದರೆ ಕಾರಣ ಕಿವಿಯೋ ಊಟವೋ ತಿಳಿಯದೆ, ಹೆದರಿ ಒಂದೊಂದೇ ಪದಾರ್ಥ ಬಿಡುತ್ತ ಬಂದು ಕೃಶರಾಗುವವರುಂಟು. ಆದುದರಿಂದ ತಿಂದುದನ್ನೂ, ಬಾಧೆ ಬಂದ ವೇಳೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಲೇಸು.

ಇಲ್ಲಿ ಒಂದು ಭೇದವನ್ನು ಅರಿತಿರಬೇಕು. ಹಾಲು ಒಗ್ಗದವರಲ್ಲಿ ಬಹುಮಂದಿಗೆ ಒಂದು ಚಮಚ ಪಂಚಾಮೃತದಿಂದ ತೊಂದರೆಯಿಲ್ಲ. ಮೊಸರು ಹಾಲಿಗಿಂತ ಹಗುರ, ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಅಲ್ಪ. ಆದರೆ ಗೋಧಿಯ ಗ್ಲುಟೆನ್ ಎಂಬ ಅಂಶದಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯವರಿಗೆ ಗೋಧಿಹುಗ್ಗಿಯ ಒಂದು ತುತ್ತೂ ಕೇಡು; ಹೋಳಿಗೆಯ ಕಣಕ, ಗೋಧಿಹಿಟ್ಟು ಬೆರೆಸಿದ ಅಂಗಡಿಯ ಇಂಗು ಕೂಡ ವರ್ಜ್ಯ. ಆ ಕಾಯಿಲೆಯ ಶಂಕೆಯಿದ್ದರೆ ರಕ್ತಪರೀಕ್ಷೆಗೆ ಮೊದಲು ತಾವಾಗಿಯೇ ಗೋಧಿ ಬಿಡಬಾರದು. ಬಿಟ್ಟರೆ ಪರೀಕ್ಷೆಯಲ್ಲಿ ರೋಗ ತೋರದೆ ಹೋಗಬಹುದು.

ನಮ್ಮ ನೆಲದ ಆಹಾರವೇ ಇಲ್ಲಿ ಆಸರೆಯಾಗುತ್ತದೆ. ಜೋಳ, ರಾಗಿ, ನವಣೆ, ಸಜ್ಜೆಗಳಲ್ಲಿ ಗ್ಲುಟೆನ್ ಇಲ್ಲ. ಜೋಳದ ರೊಟ್ಟಿಯ ಹಿಟ್ಟಿಗೆ ಸಾಮಾನ್ಯವಾಗಿ ಉಪ್ಪನ್ನೂ ಹಾಕುವುದಿಲ್ಲ. ಹಾಲು ಬಿಟ್ಟವರಿಗೆ ಸುಣ್ಣಾಂಶ ಬೇಕಲ್ಲವೇ? 100 ಗ್ರಾಂ ರಾಗಿಯಲ್ಲಿ ಅದು 300 ಮಿಲಿಗ್ರಾಂಗೂ ಹೆಚ್ಚು, ಎಳ್ಳಿನಲ್ಲಿಯೂ ಹೇರಳ. ಉಪ್ಪು ಕಡಿಮೆಯಾದಲ್ಲಿ ನಿಂಬೆರಸ, ಹಸಿಶುಂಠಿ, ಜೀರಿಗೆ, ಕೊತ್ತಂಬರಿಗಳು ರುಚಿ ತುಂಬಬಲ್ಲವು.

ಮನೆಯವರ ದಾಸೋಹ

ತಲೆಸುತ್ತು ಬಂದವರನ್ನು ಒಲೆ, ಮೆಟ್ಟಿಲು, ಬಾವಿಕಟ್ಟೆಗಳಿಂದ ದೂರ ಕರೆದೊಯ್ದು, ಮಂದ ಬೆಳಕಿನಲ್ಲಿ ಅಲುಗಾಡದಂತೆ ಮಲಗಿಸಬೇಕು. ವಾಂತಿಯಿದ್ದರೆ ಪಕ್ಕಕ್ಕೆ ಹೊರಳಿಸಬೇಕು. ಪೂಜೆಯ ವೇಳೆ ಗೋಡೆಗೆ ಒರಗಿ ಕುಳಿತರೆ ಒಳಿತು. ಸುತ್ತು ಬರುವ ಮುನ್ಸೂಚನೆ ತೋರಿದರೆ ಲಿಂಗವನ್ನು ಕರಡಿಗೆಯಲ್ಲಿರಿಸಿ, ಮಲಗಿದಲ್ಲಿಯೇ ಮನದಲ್ಲಿ ಮಂತ್ರ ನೆನೆದರೆ ಅದೂ ಪೂಜೆಯೇ. ಕಿವಿ ಮಂದವಾದವರೊಡನೆ ಎದುರಿಗೆ ಕುಳಿತು ನಿಧಾನವಾಗಿ ಮಾತನಾಡಬೇಕು.

ಇನ್ನು ಪಂಕ್ತಿಯ ಮಾತು. “ಒಂದು ತುತ್ತಿಗೆ ಏನಾಗುತ್ತದಮ್ಮಾ, ಪ್ರಸಾದ, ಬೇಡವೆನ್ನಬೇಡಿ” ಎಂದು ಪ್ರೀತಿಯಿಂದಲೇ ನಾವು ಒತ್ತಾಯಿಸುತ್ತೇವೆ. ಆ ಒಂದು ತುತ್ತು ಕೆಲವರಿಗೆ ಮೂರು ದಿನದ ನರಳಿಕೆ. ಕಾಯವನ್ನು ಶಿವನ ನೆಲೆಯೆಂದು ಕಂಡ ಶರಣರ ಮಕ್ಕಳಾದ ನಾವು, ಕಾಯಕ್ಕೆ ಕೇಡಾಗುವುದನ್ನು ಭಕ್ತಿಯ ಹೆಸರಿನಲ್ಲಿ ಬಡಿಸಲಾಗದು. ಒಗ್ಗದವರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಡಲಿ. ಅದರಿಂದ ಪ್ರಸಾದದ ಹಿರಿಮೆ ಕುಂದುವುದಿಲ್ಲ. ಬಡಿಸುವವರು ಮೊದಲೇ “ನಿಮಗೆ ಏನು ಒಗ್ಗುತ್ತದೆ?” ಎಂದು ಕೇಳಿ, ಒಂದು ಜೋಳದ ರೊಟ್ಟಿ, ಉಪ್ಪಿಲ್ಲದ ಒಂದು ಪಲ್ಯ ತೆಗೆದಿರಿಸಿದರೆ, ಅಳುಕುತ್ತಿದ್ದ ಆ ತಾಯಿಯೂ ಎಲ್ಲರೊಡನೆ ನಿಶ್ಚಿಂತೆಯಿಂದ ಉಂಡು ಏಳುತ್ತಾರೆ. ದಾಸೋಹದ ಸಾರ್ಥಕ್ಯ ಇರುವುದು ಅಲ್ಲಿಯೇ.